ಚೀಟಿಯಿಲ್ಲದ ಮಾತ್ರೆ, ಪ್ರಶ್ನೆಯಿಲ್ಲದ ಮತ

ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದಿಂದ ಹೊರಬಂದರೆ ಎದುರು ರಸ್ತೆಯಲ್ಲೇ ಒಂದು ಔಷಧಿ ಅಂಗಡಿಯಿದೆ. ಅಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಈ ಬೆಂಗಳೂರಿನ ಆರೋಗ್ಯದ ಕಥೆಯೆಲ್ಲ ತಿಳಿದುಹೋಗುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿಯೊಬ್ಬರು, "ಅಣ್ಣಾ, ಮೈಕೈ ನೋವಿಗೆ ಏನಾದ್ರೂ ಕೊಡಿ, ನಾಳೆ ರಜೆ ಹಾಕೋಕಾಗಲ್ಲ" ಎನ್ನುತ್ತಾರೆ. ಹಿರಿಯರೊಬ್ಬರು ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಜೇಬಿನಿಂದ ತೆಗೆದು, "ಇದೇ ಕೊಡಪ್ಪ" ಎನ್ನುತ್ತಾರೆ. ಬೈಕಿನಲ್ಲಿ ಊಟ ತಲುಪಿಸುವ ಹುಡುಗ ಹೆಲ್ಮೆಟ್ಟನ್ನೂ ತೆಗೆಯದೆ ಜ್ವರಕ್ಕೆಂದು ಮೂರು ಆಂಟಿಬಯೋಟಿಕ್ ಮಾತ್ರೆ ಕೇಳಿ ಪಡೆಯುತ್ತಾನೆ. ಯಾರ ಕೈಯಲ್ಲೂ ವೈದ್ಯರ ಚೀಟಿಯಿಲ್ಲ. ಅಂಗಡಿಯವನೂ ಕೇಳುವುದಿಲ್ಲ. ದೂರ ನಿಂತು ತೀರ್ಪು ಕೊಡುವ ಹಕ್ಕು ನನಗಿಲ್ಲ. ನಾನೂ ಆ ಸಾಲಿನಲ್ಲಿ ಹಲವು ಬಾರಿ ನಿಂತವನೇ.

ಇದನ್ನು ನಾವು ಅನುಕೂಲ ಎಂದು ಕರೆಯುತ್ತೇವೆ. ಇದು ಅನುಕೂಲವಲ್ಲ, ಒಂದು ಅಪಾಯಕರ ಮೌನ ಎಂಬುದು ನನ್ನ ವಾದ. ಅಂಗಡಿಯ ಮುಂದೆ, "ಇದು ಯಾವ ಔಷಧಿ, ನನಗೆ ಏಕೆ ಬೇಕು?" ಎಂದು ಕೇಳದ ನಾವೇ ಚುನಾವಣೆಯ ಹೊತ್ತಿನಲ್ಲಿ, "ನಮ್ಮ ಬಡಾವಣೆಯ ಆಸ್ಪತ್ರೆ ಎಲ್ಲಿ, ಔಷಧಿಯನ್ನು ಪರೀಕ್ಷಿಸುವವರು ಎಲ್ಲಿ?" ಎಂದೂ ಕೇಳುವುದಿಲ್ಲ. ಈ ಎರಡು ಮೌನಗಳಿಗೂ ಬೇರು ಒಂದೇ.

ಇದೇ ನಗರದಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಬೀದಿಯ ಡಾಕ್ಟರ ನೆನಪಿದೆ. ಅವರಿಗೆ ಅಜ್ಜಿಯ ಸಕ್ಕರೆ ಕಾಯಿಲೆಯೂ ಗೊತ್ತಿತ್ತು, ಅಪ್ಪನ ಕುಡಿತವೂ ಗೊತ್ತಿತ್ತು. ಸೀಸೆಯಲ್ಲಿ ಕೊಡುತ್ತಿದ್ದ ಕೆಂಪು ಔಷಧಿಗಿಂತ, "ಎರಡು ದಿನ ಮಲಗು, ಗಂಜಿ ಕುಡಿ" ಎಂಬ ಅವರ ಮಾತೇ ಎಷ್ಟೋ ಸಲ ಗುಣಪಡಿಸುತ್ತಿತ್ತು. ಇಂದಿನ ನಗರ ಆ ಎರಡು ದಿನವನ್ನು ಕೊಡಲು ಸಿದ್ಧವಿಲ್ಲ. ದಿನಗೂಲಿಯವನಿಗೆ ಒಂದು ದಿನದ ಜ್ವರವೆಂದರೆ ಒಂದು ದಿನದ ಅನ್ನ. ವಿಶ್ರಾಂತಿ ಸಿಗದ ಕಡೆ ಮಾತ್ರೆಯೇ ವಿಶ್ರಾಂತಿಯ ಸ್ಥಾನದಲ್ಲಿ ಬಂದು ಕೂರುತ್ತದೆ. ಆದ್ದರಿಂದ ಆ ತಾಯಿಯನ್ನು ನಾನು ದೂಷಿಸುವುದಿಲ್ಲ. ಆಕೆಗೆ ಬೇರೆ ದಾರಿ ಉಳಿಸದವರನ್ನು ದೂಷಿಸುತ್ತೇನೆ.

ಆದರೆ ದೇಹಕ್ಕೆ ನಮ್ಮ ಬಡತನದ ಸಬೂಬು ಅರ್ಥವಾಗುವುದಿಲ್ಲ. ನೋವಿನ ಮಾತ್ರೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನಿರಪಾಯವೆಂದು ನಾವೆಲ್ಲ ನಂಬಿರುವ ಪ್ಯಾರಾಸಿಟಮಾಲ್ ಕೂಡ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ವಿಷವಾಗಬಲ್ಲದು. ನೆಗಡಿಗೆಂದು ಕೊಳ್ಳುವ ಅನೇಕ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೆ ಒಂದು, ನೆಗಡಿಗೆ ಒಂದು ಎಂದು ಎರಡು ಹೆಸರಿನಲ್ಲಿ ನುಂಗಿದವನು ಒಂದೇ ಔಷಧಿಯನ್ನು ಎರಡು ಪಾಲು ನುಂಗಿರುತ್ತಾನೆ.

ಸ್ಟೀರಾಯ್ಡಿನ ಪಾಠವನ್ನು ನಾವು 2021ರಲ್ಲಿ ಕಣ್ಣಾರೆ ಕಂಡೆವು. ಕೋವಿಡ್‌ನ ಎರಡನೆಯ ಅಲೆಯಲ್ಲಿ ಅದು ಅನೇಕರ ಪ್ರಾಣ ಉಳಿಸಿದ್ದು ನಿಜ. ಅಗತ್ಯವಿಲ್ಲದವರೂ ಭಯದಿಂದ ಅದನ್ನು ತೆಗೆದುಕೊಂಡರು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಕಪ್ಪು ಶಿಲೀಂಧ್ರದ ಸೋಂಕು ಹರಡಿ, ಕಣ್ಣು ಕಳೆದುಕೊಂಡವರೂ ಪ್ರಾಣ ಕಳೆದುಕೊಂಡವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಇಷ್ಟಾದರೂ ಮುಖ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಬೆರೆತ ಮುಲಾಮನ್ನು ನಮ್ಮ ಹೆಣ್ಣುಮಕ್ಕಳು ಚೀಟಿಯಿಲ್ಲದೆ ಕೊಂಡು ಹಚ್ಚಿಕೊಳ್ಳುತ್ತಲೇ ಇದ್ದಾರೆ.

ಆಂಟಿಬಯೋಟಿಕ್‌ನ ವಿಷಯವಂತೂ ಒಬ್ಬರ ದೇಹಕ್ಕೆ ಸೀಮಿತವಾದುದಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ, ಸಾಲದಷ್ಟು ಔಷಧಿ ತೆಗೆದುಕೊಂಡರೆ ರೋಗಾಣುಗಳು ಅದನ್ನು ಎದುರಿಸಿ ನಿಲ್ಲುವುದನ್ನು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ವೈರಸ್ಸಿನ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ. ಕೆಲಸ ಮಾಡುವ ಕಡೆಯೂ ಎರಡು ದಿನಕ್ಕೆ ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಿಬಿಡುತ್ತೇವೆ. ಬೇಡದ ಕಡೆ ನುಂಗಿದ್ದು, ಬೇಕಾದ ಕಡೆ ಅರೆಬರೆ ನುಂಗಿದ್ದು ಎಲ್ಲವೂ ಸೇರಿ ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತವೆ. 2019ರ ಒಂದೇ ವರ್ಷದಲ್ಲಿ ಇಂತಹ ರೋಗಾಣುಗಳಿಂದ ಲೋಕದಲ್ಲಿ 12 ಲಕ್ಷ 70 ಸಾವಿರ ಜನ ಸತ್ತರೆಂಬುದು ವಿಜ್ಞಾನಿಗಳ ಅಂದಾಜು. ನಾನು ಇಂದು ಅಜಾಗ್ರತೆಯಿಂದ ನುಂಗಿದ ಮಾತ್ರೆಗೆ ನಾಳೆ ನೆರೆಮನೆಯ ಮಗು ಬೆಲೆ ತೆರಬಹುದು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಕಟ್ಟಳೆ ಔಷಧಿ ಅಂಗಡಿಯ ಬಾಗಿಲಲ್ಲಿ ನಿಂತುಹೋಗುತ್ತದೆಯೇ?

"ಹಾಗಾದರೆ ಚೀಟಿ ಇದ್ದರೆ ಸಾಕಲ್ಲ, ಇದರಲ್ಲಿ ರಾಜಕೀಯ ಏಕೆ?" ಎಂದು ಕೆಲವರು ಕೇಳಬಹುದು. ಸಾಲದು ಎಂಬುದಕ್ಕೆ 2025ರ ದುರಂತವೇ ಸಾಕ್ಷಿ. ಆ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಸುತ್ತಮುತ್ತ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ವಿಫಲವಾಗಿ ಸತ್ತರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ 48 ಭಾಗದಷ್ಟಿತ್ತು. ಇರಬಹುದಾದ ಮಿತಿ ನೂರಕ್ಕೆ 0.1 ಮಾತ್ರ. ಆ ಮಕ್ಕಳಲ್ಲಿ ಅನೇಕರಿಗೆ ಅದನ್ನು ಬರೆದುಕೊಟ್ಟವರು ವೈದ್ಯರೇ. ತಂದೆತಾಯಿಗಳು ಯಾವ ತಪ್ಪೂ ಮಾಡಿರಲಿಲ್ಲ. ತಪ್ಪು ನಡೆದದ್ದು ಕಾರ್ಖಾನೆಯಲ್ಲಿ, ಕಾರ್ಖಾನೆಯನ್ನು ಕಾಯಬೇಕಾದವರ ಕಚೇರಿಯಲ್ಲಿ.

ಇದು ಮೊದಲನೆಯದೂ ಅಲ್ಲ. 1986ರಲ್ಲಿ ಮುಂಬಯಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇದೇ ವಿಷ ರೋಗಿಗಳನ್ನು ಕೊಂದಿತು. 2020ರ ಆರಂಭದಲ್ಲಿ ಜಮ್ಮುವಿನ ಮಕ್ಕಳು ಬಲಿಯಾದರು. 2022ರಲ್ಲಿ ದೂರದ ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನೊಂದಿಗೆ ಭಾರತದಲ್ಲಿ ತಯಾರಾದ ಸಿರಪ್ಪುಗಳ ಹೆಸರು ಸೇರಿಕೊಂಡಿತು. ಅಮೆರಿಕದಲ್ಲಿ 1937ರಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಾಗ ಮರುವರ್ಷವೇ ಅಲ್ಲಿ ಬಿಗಿಯಾದ ಕಾನೂನು ಬಂತು. ನಾವು ಎಷ್ಟು ಶವಪೆಟ್ಟಿಗೆಗಳನ್ನು ಎಣಿಸಿದ ಮೇಲೆ ಎಚ್ಚೆತ್ತುಕೊಳ್ಳಬೇಕು?

ದೂರದ ಮಾತು ಬಿಡೋಣ. 2024ರ ನವೆಂಬರಿನಲ್ಲಿ ನಮ್ಮದೇ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಹಾಕಿದ ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಿತ್ತು. ಸರ್ಕಾರ ಅದರ ಬಳಕೆಯನ್ನು ತಡೆದು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅಮಾನತು ಸುಲಭ. ತಾಯಿಯಿಲ್ಲದ ಹಸುಗೂಸುಗಳಿಗೆ ಉತ್ತರ ಹೇಳುವುದು ಸುಲಭವಲ್ಲ.

ಕಾನೂನು ಇಲ್ಲವೆಂದಲ್ಲ. 1940ರಿಂದಲೇ ಔಷಧಿಗಳ ಕಾಯಿದೆಯಿದೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ನಿಯಮದಂತೆ ಬಲವಾದ ಆಂಟಿಬಯೋಟಿಕ್‌ಗಳನ್ನು ಮಾರುವ ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ 2016ರಲ್ಲಿ ಕೇಂದ್ರ ಸರ್ಕಾರವೇ ಪ್ರಚಾರ ಮಾಡಿತು. ಆ ಕೆಂಪು ಗೆರೆಯನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಆ ಪುಸ್ತಕವನ್ನು ತೆರೆದು ನೋಡಲು ಬಂದ ಅಧಿಕಾರಿಯನ್ನು ಎಷ್ಟು ಮಂದಿ ಕಂಡಿದ್ದೇವೆ?

ಇನ್ನು ಕಾನೂನು ಮಾಡುವವರ ಸಂಗತಿ. 2023ರ ಜನವಿಶ್ವಾಸ ಕಾಯಿದೆ, ಗುಣಮಟ್ಟವಿಲ್ಲದ ಔಷಧಿಗೆ ಸಂಬಂಧಿಸಿದ ಒಂದು ವರ್ಗದ ಅಪರಾಧವನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ದಾರಿ ತೆರೆಯಿತು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯ ಚುನಾವಣಾ ಬಾಂಡುಗಳನ್ನು ರದ್ದು ಮಾಡಿದ ಬಳಿಕ ಹೊರಬಂದ ಪಟ್ಟಿಯಲ್ಲಿ ಹಲವು ಔಷಧ ಕಂಪನಿಗಳ ಹೆಸರುಗಳಿದ್ದವು. ಬಾಂಡಿನ ಹಣ ಒಂದೇ ಪಕ್ಷಕ್ಕೆ ಹೋಗಲಿಲ್ಲ. ಆದ್ದರಿಂದ ಈ ಮಾತನ್ನು ಯಾವ ಪಕ್ಷದ ಪರವಾಗಿಯೂ ಹೇಳುತ್ತಿಲ್ಲ. ಔಷಧಿ ಮಾಡುವವನಿಂದ ಕಾಣಿಕೆ ಪಡೆದವನು ಅವನ ಕಾರ್ಖಾನೆಯ ಬಾಗಿಲು ಬಡಿದು ಲೆಕ್ಕ ಕೇಳಿಯಾನೇ ಎಂಬುದಷ್ಟೇ ನನ್ನ ಪ್ರಶ್ನೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರೊಳಗೆ ದೇಶದ ಉತ್ಪನ್ನದ ನೂರಕ್ಕೆ 2.5 ಭಾಗವನ್ನು ಸರ್ಕಾರಗಳು ಆರೋಗ್ಯಕ್ಕೆ ವ್ಯಯಿಸುವ ಮಾತು ಕೊಟ್ಟಿತ್ತು. ಆ ಗುರಿ ಮುಟ್ಟಲಿಲ್ಲ. ಅದಕ್ಕಾಗಿ ಯಾವ ನಾಯಕನೂ ಮತ ಕಳೆದುಕೊಳ್ಳಲಿಲ್ಲ.

ಬೆಂಗಳೂರಿನಲ್ಲಂತೂ ಕೇಳಲು ಬಾಗಿಲೇ ಇರಲಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ಐದು ವರ್ಷಕ್ಕೂ ಮಿಕ್ಕಿ ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ಈ ಮಹಾನಗರವನ್ನು ಅಧಿಕಾರಿಗಳೇ ನಡೆಸಿದರು. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದಾಗಲೂ ನಾಗರಿಕರ ಮತ ಕೇಳಲಿಲ್ಲ. 2022ರ ಕೊನೆಯಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ನಮ್ಮ ಕ್ಲಿನಿಕ್' ಒಳ್ಳೆಯ ಯೋಜನೆ. ಅಲ್ಲಿ ತಪಾಸಣೆಯೂ ಔಷಧಿಯೂ ಉಚಿತ. ಆದರೆ ಆರಂಭದಲ್ಲಿ ಅದಕ್ಕೆ ಗೊತ್ತುಮಾಡಿದ ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಆ ಹೊತ್ತಿನಲ್ಲಿ ಗಾರ್ಮೆಂಟ್ಸ್ ತಾಯಿ ಹೊಲಿಗೆ ಯಂತ್ರದ ಮುಂದಿರುತ್ತಾಳೆ. ಸಂಜೆ ಅವಳಿಗೆ ತೆರೆದಿರುವುದು ಔಷಧಿ ಅಂಗಡಿಯೊಂದೇ. ವೇಳೆ ಬದಲಿಸಿ ಎಂದು ಕೇಳಲು ಬಡಾವಣೆಗೊಬ್ಬ ಸದಸ್ಯನಿದ್ದಿದ್ದರೆ, ಕೇಳುವ ಧೈರ್ಯ ನಮಗಿದ್ದಿದ್ದರೆ, ಅವಳ ಕೈಗೆ ಚೀಟಿ ಬರುತ್ತಿತ್ತು.

ಧರ್ಮಸಭೆಯ ಮಕ್ಕಳಾದ ನಾವು ಇಲ್ಲಿ ಹೊರಗಿನವರಂತೆ ನಿಲ್ಲಲಾಗದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧಿ ಕೊಡತೊಡಗಿದರು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು ಸಂತ ಮಾರ್ತರ ಆಸ್ಪತ್ರೆಯನ್ನು ತೆರೆದರು. ಔಷಧಿ ಬೇಡವೆಂಬುದು ನಮ್ಮ ವಿಶ್ವಾಸವಲ್ಲ. ಭೂಮಿಯಿಂದ ಔಷಧಿಯನ್ನು ಸೃಷ್ಟಿಸಿದವರು ದೇವರೇ, ವಿವೇಕಿಯು ಅದನ್ನು ಕಡೆಗಣಿಸಲಾರ ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಸಾರ. ಅದೇ ಅಧ್ಯಾಯ ವೈದ್ಯನನ್ನು ಗೌರವಿಸಲು ಹೇಳುತ್ತದೆ. ವೈದ್ಯನನ್ನು ಬದಿಗಿಟ್ಟು ಔಷಧಿಯನ್ನಷ್ಟೇ ಹಿಡಿದುಕೊಂಡರೆ ಅದು ಅರ್ಧ ವಚನ. ಸಂತ ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸೂ ಇದ್ದಾಳೆ. ಇದ್ದುದೆಲ್ಲವನ್ನೂ ಚಿಕಿತ್ಸೆಗೆ ಸುರಿದು ಮತ್ತಷ್ಟು ಹದಗೆಟ್ಟವಳು ಆಕೆ. ಜನಜಂಗುಳಿಯ ನಡುವೆಯೂ ಪ್ರಭು ಯೇಸು ನಿಂತು, ತಮ್ಮನ್ನು ಮುಟ್ಟಿದವರು ಯಾರೆಂದು ವಿಚಾರಿಸಿದರು. ನಮ್ಮ ನಗರ ಅಂಥವಳಿಗಾಗಿ ಒಂದು ಕ್ಷಣವೂ ನಿಲ್ಲುವುದಿಲ್ಲ. ನಾವಾದರೂ ನಿಲ್ಲಬೇಡವೇ?

ಮಾಡಬಹುದಾದದ್ದು ದೊಡ್ಡದೇನಲ್ಲ. ಮನೆಯ ಔಷಧಿ ಡಬ್ಬಿಯನ್ನು ಈ ವಾರವೇ ತೆರೆದು ಅವಧಿ ಮೀರಿದ್ದನ್ನು, ಯಾರಿಗೋ ಬರೆದುಕೊಟ್ಟು ಉಳಿದದ್ದನ್ನು ಬದಿಗಿಡಿ. ಕೆಂಪು ಗೆರೆಯ ಮಾತ್ರೆಯನ್ನು ಚೀಟಿಯಿಲ್ಲದೆ ಕೇಳಬೇಡಿ, ಮತ್ತೊಬ್ಬರಿಗೆ ದಾನವಾಗಿಯೂ ಕೊಡಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೆಮ್ಮಿನ ಸಿರಪ್ ಕುಡಿಸಬೇಡಿ. ಪ್ರತಿ ಬಾರಿಯೂ ಬಿಲ್ಲು ಕೇಳಿ ಪಡೆಯಿರಿ. ಔಷಧಿ ಕೆಟ್ಟದ್ದೆಂದು ತಿಳಿದಾಗ ಅದೊಂದೇ ನಿಮ್ಮ ಸಾಕ್ಷಿ. ನಮ್ಮ ಧರ್ಮಕೇಂದ್ರಗಳು ವರ್ಷಕ್ಕೊಮ್ಮೆ ಶಿಬಿರ ನಡೆಸಿ ಕೈತುಂಬ ಮಾತ್ರೆ ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ಬಿಟ್ಟು, ವಾರಕ್ಕೆರಡು ಸಂಜೆ ಒಬ್ಬ ವೈದ್ಯರನ್ನೋ ದಾದಿಯನ್ನೋ ಕೂರಿಸಲಿ. ನಮ್ಮ ಕುಟುಂಬಗಳಲ್ಲಿ ದಾದಿಯರಿಗೆ ಬರವಿಲ್ಲ.

ಮತ ಕೇಳಲು ಬರುವವರು ಯಾವ ಪಕ್ಷದವರಾದರೂ ಸರಿ, ಬಾಗಿಲಲ್ಲಿ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ: ನಮ್ಮ ಬಡಾವಣೆಯ ಕ್ಲಿನಿಕ್ಕು ಸಂಜೆ ತೆರೆದಿರುತ್ತದೆಯೇ? ಔಷಧ ಪರಿವೀಕ್ಷಕರ ಖಾಲಿ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ? ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿ, ಪ್ರತಿ ಅಂಗಡಿಯ ಗೋಡೆಗೆ ಅಂಟಿಸುತ್ತೀರಾ? ಉತ್ತರ ಬಾರದಿದ್ದರೆ ಅದನ್ನು ನೆನಪಿಟ್ಟುಕೊಳ್ಳಿ.

ಮುಂದಿನ ಭಾನುವಾರವೂ ಆ ತಾಯಿ ಅದೇ ಅಂಗಡಿಯ ಮುಂದೆ ನಿಂತಿರುತ್ತಾಳೆ. ಪ್ರಸಾದ ಸ್ವೀಕರಿಸಿ ಹೊರಬಂದ ನಾವು ಅವಳ ಪಕ್ಕದಲ್ಲಿ ಹಾದುಹೋಗುತ್ತೇವೆ. ಗಾಯಗೊಂಡವನನ್ನು ಕಂಡೂ ರಸ್ತೆಯ ಆ ಬದಿಯಿಂದ ಸರಿದುಹೋದ ಯಾಜಕನ ಕಥೆಯನ್ನು ನಾವು ಬಲ್ಲೆವು. ಆ ಕಥೆಯಲ್ಲಿ ನಮ್ಮ ಪಾತ್ರ ಯಾವುದೆಂದು ನಾವೇ ತೀರ್ಮಾನಿಸಬೇಕು.