ಅರೆಕಾಲಿಕ ಛಾಯಾಗ್ರಾಹಕನ ವಿಮೆ: ನಷ್ಟವಾಗುವ ಸ್ಥಳವನ್ನು ಮೊದಲು ನೋಡಬೇಕು

ಚಳ್ಳಕೆರೆ ಎಂದೊಡನೆ ಶೇಂಗಾ ಎಣ್ಣೆಯ ಗಿರಣಿಗಳೂ ಕಂಬಳಿಯ ಮಗ್ಗಗಳೂ, ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆಯೂ ನೆನಪಿಗೆ ಬರುವುದು ಸಹಜ. ಈ ಎರಡು ತಾಲ್ಲೂಕುಗಳ ಉದ್ಯಮಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸ್ಥಾನ ಪಡೆಯದ, ಆದರೆ ಪ್ರತಿ ಮದುವೆಯಲ್ಲೂ ಪ್ರತಿ ಜಾತ್ರೆಯಲ್ಲೂ ಪ್ರತಿ ಅಂಗಡಿಯ ಪ್ರಾರಂಭೋತ್ಸವದಲ್ಲೂ ಕಾಣಸಿಗುವ ಇನ್ನೊಂದು ಉದ್ಯೋಗವಿದೆ. ಅದು ಅರೆಕಾಲಿಕ ಛಾಯಾಗ್ರಹಣ. ಕುದಾಪುರ, ನಾಯಕನಹಟ್ಟಿ ಸುತ್ತಿನ ಹಳ್ಳಿಯ ಯುವಕನೊಬ್ಬ ವಾರವೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ದುಡಿದು, ಮುಹೂರ್ತದ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಾನೆ. ವರಮಾನ ಅರೆಕಾಲಿಕವಾದುದು, ಆದರೆ ಹೂಡಿದ ಬಂಡವಾಳ ಪೂರ್ಣಪ್ರಮಾಣದ್ದು. ಅನೇಕ ಸಂದರ್ಭಗಳಲ್ಲಿ ಅದು ಸಾಲದ ಹಣವೂ ಹೌದು.

ಇಂತಹ ಉದ್ಯೋಗಿಗೆ ಯಾವ ವಿಮೆ ಸೂಕ್ತ? ಅನೇಕರು ಪ್ರೀಮಿಯಂ ಎಷ್ಟು ಎಂಬುದರಿಂದ ವಿಚಾರಣೆ ಆರಂಭಿಸುತ್ತಾರೆ. ಅದು ತಪ್ಪು ತುದಿಯಿಂದ ಹಗ್ಗ ಹಿಡಿದಂತೆ. ಮೊದಲು ಕೇಳಬೇಕಾದ ಪ್ರಶ್ನೆ, ನಷ್ಟವು ಎಲ್ಲಿ ಸಂಭವಿಸುತ್ತದೆ ಎಂಬುದು. ಎಣ್ಣೆ ಗಿರಣಿಯ ಮಾಲೀಕನ ಆಸ್ತಿ ನಾಲ್ಕು ಗೋಡೆಗಳ ನಡುವೆ ಇರುತ್ತದೆ. ಛಾಯಾಗ್ರಾಹಕನ ಆಸ್ತಿ ಬೈಕಿನ ಮೇಲೆ, ಬಸ್ಸಿನ ಸೀಟಿನ ಕೆಳಗೆ, ಕಲ್ಯಾಣಮಂಟಪದ ಮೂಲೆಯಲ್ಲಿ, ಜಾತ್ರೆಯ ನೂಕುನುಗ್ಗಲಿನಲ್ಲಿ ಇರುತ್ತದೆ. ಸ್ಥಿರವಾದ ಆಸ್ತಿಗೆಂದು ಬರೆದ ವಿಮಾಪತ್ರವು ಚಲಿಸುವ ಆಸ್ತಿಯನ್ನು ಕಾಯಲಾರದು. ಆಯ್ಕೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಇರುವ ವಿಮೆ ಸಾಲದು

ಮನೆಗೆ ವಿಮೆ ಇದೆ, ಬೈಕಿಗೆ ವಿಮೆ ಇದೆ, ಅಷ್ಟು ಸಾಕೆಂಬ ಭಾವನೆ ಸಾಮಾನ್ಯವಾಗಿದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ವಿಮಾಪತ್ರವು ವಾಸದ ಮನೆಗಾಗಿ ರೂಪಿಸಿದ್ದು. ಬೆಂಕಿ, ಪ್ರವಾಹ, ಬಿರುಗಾಳಿ ಮುಂತಾದ ವಿಪತ್ತುಗಳೇ ಅದರ ಮುಖ್ಯ ವಿಷಯ. ಕಳವಿಗೆ ಅದರಲ್ಲಿ ರಕ್ಷಣೆ ದೊರೆಯುವುದು ಅಂತಹ ವಿಪತ್ತು ಸಂಭವಿಸಿದ ಏಳು ದಿನಗಳೊಳಗೆ ಆದ ಕಳವಿಗೆ ಮಾತ್ರ. ಬಾಡಿಗೆಗೆ ದುಡಿಯುವ ಕ್ಯಾಮೆರಾ ಮನೆಯ ಸಾಮಾನುಗಳೊಡನೆ ತಾನಾಗಿಯೇ ಸೇರಿಕೊಳ್ಳುತ್ತದೆಂದು ಊಹಿಸುವುದು ಅಪಾಯಕರ. ಬೈಕಿನ ವಿಮೆಯಾದರೋ ವಾಹನಕ್ಕೂ ಮೂರನೆಯ ವ್ಯಕ್ತಿಗೂ ಸಂಬಂಧಿಸಿದ್ದು. ಸವಾರನ ಬೆನ್ನಿನ ಚೀಲದಲ್ಲಿರುವ ಲೆನ್ಸ್‌ಗಳಿಗೆ ಸಂಬಂಧಿಸಿದ್ದಲ್ಲ.

ಸಣ್ಣ ಸ್ಟುಡಿಯೋ ಉಳ್ಳವರಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಇನ್ನೊಂದು ಪ್ರಮಾಣಿತ ವಿಮಾಪತ್ರವಿದೆ. ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದಿದ್ದರೆ ಅದು ಅನ್ವಯಿಸುತ್ತದೆ. ಮುದ್ರಣಯಂತ್ರ, ಗಣಕಯಂತ್ರ, ಪೀಠೋಪಕರಣಗಳನ್ನು ಹೊಂದಿದವರಿಗೆ ಅದು ಉಪಯುಕ್ತವೇ. ಆದರೆ ಅದೂ ಮೂಲತಃ ಬೆಂಕಿ ಹಾಗೂ ನೈಸರ್ಗಿಕ ವಿಪತ್ತುಗಳ ವಿಮೆ. ಮಂಟಪದಲ್ಲಿ ಕೈಜಾರಿ ಬಿದ್ದ ಕ್ಯಾಮೆರಾಕ್ಕೆ ಅದರಿಂದ ಬಿಡಿಗಾಸೂ ದೊರೆಯದು.

ಕನ್ನಗಳವಿನ ವಿಮೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಯುನೈಟೆಡ್ ಇಂಡಿಯಾ ವಿಮಾ ಕಂಪನಿ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ನೀಡಿದ ತೀರ್ಪು ಪ್ರತಿಯೊಬ್ಬ ವರ್ತಕನೂ ತಿಳಿದಿರಬೇಕಾದುದು. ವಿಮಾಪತ್ರದಲ್ಲಿ ಬಲಪ್ರಯೋಗದಿಂದ ನಡೆದ ಕಳವಿಗೆ ಮಾತ್ರ ಪರಿಹಾರವೆಂದು ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಸಲ್ಲದು ಎಂಬುದು ಅದರ ಸಾರ. ಬೀಗ ಮುರಿದಿರಬೇಕು, ಕಿಟಕಿ ಒಡೆದಿರಬೇಕು. ಊಟದ ಪಂಕ್ತಿಯ ವೇಳೆ ಕುರ್ಚಿಯ ಮೇಲಿಂದ ಮಾಯವಾದ ಚೀಲಕ್ಕೆ ಬೀಗವೂ ಇಲ್ಲ, ಕಿಟಕಿಯೂ ಇಲ್ಲ. ಛಾಯಾಗ್ರಾಹಕನಿಗೆ ಒದಗುವ ಕಳವು ಬಹುಮಟ್ಟಿಗೆ ಇಂತಹುದೇ.

ಯಾವುದನ್ನು ಆರಿಸಬೇಕು

ಹೀಗೆ ಒಂದೊಂದನ್ನೇ ಬದಿಗಿರಿಸಿದ ಮೇಲೆ ಉಳಿಯುವುವು ಎರಡು. ಮೊದಲನೆಯದು, ‘ಆಲ್ ರಿಸ್ಕ್’ ಎಂದು ಕರೆಯಲಾಗುವ ಸರ್ವಾಪಾಯ ವಿಮೆ. ಎರಡನೆಯದು, ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ. ಎರಡನೆಯದನ್ನು ಆರಿಸುವವರು, ಕೊಂಡೊಯ್ಯಬಹುದಾದ ಉಪಕರಣಗಳಿಗೆ ಸ್ಥಳದ ಹೊರಗೂ ರಕ್ಷಣೆ ಉಂಟೆಂಬ ಹೆಚ್ಚುವರಿ ಷರತ್ತನ್ನು ಬರಹದಲ್ಲಿ ಸೇರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಅದೂ ಗೋಡೆಗಳ ನಡುವಿನ ವಿಮೆಯಾಗಿಯೇ ಉಳಿಯುತ್ತದೆ.

‘ಸರ್ವಾಪಾಯ’ ಎಂಬ ಹೆಸರು ಆಕರ್ಷಕವಾಗಿದ್ದರೂ ಅದು ಸರ್ವವನ್ನೂ ಒಳಗೊಂಡಿರುವುದಿಲ್ಲ. ಕಾಲಕ್ರಮದ ಸವಕಳಿ, ತುಕ್ಕು, ನಿಧಾನವಾಗಿ ಒಳಸೇರಿದ ಧೂಳಿನಿಂದಾದ ಹಾನಿ ಇವು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಮಳೆ ಕಡಿಮೆ, ಗಾಳಿ ಹೆಚ್ಚು ಇರುವ ಚಳ್ಳಕೆರೆ ಸೀಮೆಯಲ್ಲಿ ಧೂಳಿನ ವಿನಾಯಿತಿ ಸಣ್ಣ ಮಾತಲ್ಲ. ಕಾವಲಿಲ್ಲದೆ ನಿಲ್ಲಿಸಿದ ವಾಹನದಿಂದಾದ ಕಳವು ಕೂಡ ಬಹುತೇಕ ಹೊರಗುಳಿಯುತ್ತದೆ, ಇಲ್ಲವೇ ಕಠಿಣ ಷರತ್ತುಗಳಿಗೆ ಒಳಪಡುತ್ತದೆ. ಬಾಡಿಗೆಗೆ ತಂದ ಲೆನ್ಸ್, ಸಹಾಯಕನ ಕೈಯಲ್ಲಿರುವ ಕ್ಯಾಮೆರಾ, ಗಡಿಯಾಚೆ ರಾಯದುರ್ಗದಲ್ಲಿ ನಡೆಯುವ ಮದುವೆ, ಈ ಮೂರಕ್ಕೂ ರಕ್ಷಣೆ ಉಂಟೇ ಎಂದು ಹಣ ಕಟ್ಟುವ ಮುನ್ನವೇ ಬರಹದಲ್ಲಿ ಉತ್ತರ ಪಡೆಯುವುದು ವಿವೇಕ.

ವಿಮೆಯೆಂಬುದು ಪರಮ ವಿಶ್ವಾಸದ ಕರಾರು. ಕ್ಯಾಮೆರಾವನ್ನು ಹಣಕ್ಕಾಗಿ ಬಳಸಲಾಗುತ್ತಿದೆ ಎಂಬುದನ್ನು ಮುಚ್ಚಿಟ್ಟು ಹವ್ಯಾಸದ ವಸ್ತುವೆಂದು ನಮೂದಿಸಿದರೆ ಪ್ರೀಮಿಯಂ ಕೊಂಚ ಇಳಿಯಬಹುದು. ಕ್ಲೇಮಿನ ದಿನ ಅದೇ ಮುಳುವಾಗುತ್ತದೆ. ‘ಅರೆಕಾಲಿಕ’ ಎಂಬುದು ಕುಟುಂಬದ ಆದಾಯದ ಲೆಕ್ಕದಲ್ಲಿ ಮಾತ್ರ; ವಿಮಾ ಕಂಪನಿಯ ದೃಷ್ಟಿಯಲ್ಲಿ ಹಣ ಪಡೆದು ಮಾಡಿದ ಒಂದು ದಿನದ ಕೆಲಸವೂ ವೃತ್ತಿಯೇ. ಜೊತೆಗೆ, 1938ರ ವಿಮಾ ಕಾಯಿದೆಯ 64ವಿಬಿ ವಿಧಿಯಂತೆ ಪ್ರೀಮಿಯಂ ಮುಂಗಡವಾಗಿ ಸಲ್ಲದ ಹೊರತು ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ‘ಮದುವೆ ಮುಗಿದ ಮೇಲೆ ಕಟ್ಟುತ್ತೇನೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಮೌಲ್ಯದ ಲೆಕ್ಕ

ವಿಮಾ ಮೊತ್ತವನ್ನು ಕಡಿಮೆ ತೋರಿಸಿ ಉಳಿತಾಯ ಮಾಡುವ ಅಭ್ಯಾಸ ವರ್ತಕರಲ್ಲಿ ಹಳೆಯದು. ಅದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 3,00,000 ರೂ. ಬೆಲೆಯ ಉಪಕರಣಗಳನ್ನು 1,50,000 ರೂ.ಗೆ ವಿಮೆ ಮಾಡಿಸಿ, 60,000 ರೂ. ಹಾನಿಯಾಯಿತೆನ್ನೋಣ. ಸರಾಸರಿ ನಿಯಮವಿರುವ ವಿಮಾಪತ್ರದಲ್ಲಿ ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದವನಿಗೆ ಹಾನಿಯ ಅರ್ಧ, ಅಂದರೆ 30,000 ರೂ. ಮಾತ್ರ ಸಲ್ಲುತ್ತದೆ, ಅದರಲ್ಲಿಯೂ ವಿಮೆದಾರನೇ ಭರಿಸಬೇಕಾದ ಮೊದಲ ಪಾಲು ಕಳೆಯುತ್ತದೆ. ಸೂಕ್ಷ್ಮ ಉದ್ಯಮ ಸುರಕ್ಷಾ ವಿಮಾಪತ್ರದಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಿಸುವುದಿಲ್ಲ ಎಂಬ ರಿಯಾಯಿತಿ ಇದೆ. ಇತರ ವಿಮಾಪತ್ರಗಳಲ್ಲಿಯೂ ಅದು ಇರುತ್ತದೆಂದು ಭಾವಿಸಲಾಗದು.

ಎಲೆಕ್ಟ್ರಾನಿಕ್ ಉಪಕರಣಗಳ ವಿಮೆಯಲ್ಲಿ ವಿಮಾ ಮೊತ್ತವು ಅದೇ ಬಗೆಯ ಹೊಸ ಉಪಕರಣದ ಇಂದಿನ ಬೆಲೆಗೆ ಸಮನಾಗಿರಬೇಕು. ಆದರೂ ಉಪಕರಣ ಪೂರ್ತಿಯಾಗಿ ನಾಶವಾದರೆ ಸವಕಳಿ ಕಳೆದ ಮೌಲ್ಯವನ್ನಷ್ಟೇ ನೀಡುವುದು ವಾಡಿಕೆ. ಈ ಎರಡರ ನಡುವಿನ ಅಂತರವನ್ನು ಮೊದಲೇ ತಿಳಿದವನಿಗೆ ಮುಂದೆ ನಿರಾಶೆಯಿಲ್ಲ. ಸೇವಾ ವೃತ್ತಿಯ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದೆ ಜಿ.ಎಸ್.ಟಿ. ನೋಂದಣಿ ಮಾಡಿಸದವರು, ಕೊಳ್ಳುವಾಗ ತೆತ್ತ ತೆರಿಗೆಯನ್ನು ಹಿಂಪಡೆಯಲಾರರು. ಆದುದರಿಂದ ತೆರಿಗೆ ಸೇರಿದ ಬೆಲೆಗೇ ವಿಮೆ ಮಾಡಿಸುವುದು ಸರಿ. 2025ರ ಸೆಪ್ಟೆಂಬರ್ 22ರಿಂದ ದೊರೆತ ತೆರಿಗೆ ವಿನಾಯಿತಿಯು ವ್ಯಕ್ತಿಗತ ಜೀವವಿಮೆ ಹಾಗೂ ಆರೋಗ್ಯ ವಿಮೆಗೆ ಸೀಮಿತವಾದುದು. ಉಪಕರಣಗಳ ವಿಮೆಯ ಮೇಲೆ ಶೇ. 18ರ ತೆರಿಗೆ ಇದ್ದೇ ಇದೆ.

ಉಪಕರಣಗಳ ಪಟ್ಟಿ, ಪ್ರತಿಯೊಂದರ ಕ್ರಮಸಂಖ್ಯೆ, ಖರೀದಿಯ ರಸೀದಿ ಇವುಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಡಬೇಕು. ರಸೀದಿಯಿಲ್ಲದೆ ಕೊಂಡ ಹಳೆಯ ಲೆನ್ಸ್ ಎಷ್ಟೇ ಅಗ್ಗವಾಗಿದ್ದರೂ, ಅದು ತನ್ನದೆಂದು ಸಾಧಿಸಲು ಆಧಾರವಿಲ್ಲದವನಿಗೆ ಕ್ಲೇಮಿನ ದಿನ ತುಟ್ಟಿಯಾಗುತ್ತದೆ.

ವಿಮೆಯು ಕೊಡಲಾರದ್ದು

ಮೆಮೊರಿ ಕಾರ್ಡ್ ಕಳೆದರೆ ಕಾರ್ಡಿನ ಬೆಲೆ ಬರಬಹುದು. ಅದರೊಳಗಿನ ಧಾರೆಯ ಚಿತ್ರ ಮರಳಿ ಬಾರದು. ವಿಮೆಯು ಹಣವನ್ನು ಕೊಡಬಲ್ಲದು, ಮುಹೂರ್ತವನ್ನು ಕೊಡಲಾರದು. ಮದುವೆ ಮನೆಯವರ ಅಸಮಾಧಾನ ಬೆಳೆದು ಪರಿಹಾರದ ಬೇಡಿಕೆಯಾಗುವುದು ಅಸಂಭವವಲ್ಲ. ಇದಕ್ಕೆ ವೃತ್ತಿ ಹೊಣೆಯ ವಿಮೆ ಉಂಟಾದರೂ, ಸಣ್ಣ ಪ್ರಮಾಣದ ಉದ್ಯೋಗಿಗೆ ಮೊದಲ ರಕ್ಷಣೆ ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ಚಿತ್ರ ದಾಖಲಿಸುವ ಅಭ್ಯಾಸ ಹಾಗೂ ಹೊಣೆಯ ಮಿತಿಯನ್ನು ಸ್ಪಷ್ಟಪಡಿಸಿದ ಒಂದು ಪುಟದ ಒಪ್ಪಂದ. ದೀಪದ ಕಂಬ ಉರುಳಿ ಅತಿಥಿಗೆ ಪೆಟ್ಟಾಗುವಂತಹ ಸಂದರ್ಭಕ್ಕೆ ಸಾರ್ವಜನಿಕ ಹೊಣೆಯ ರಕ್ಷಣೆಯನ್ನು ಪರಿಶೀಲಿಸಬಹುದು.

ಡ್ರೋನ್ ಹಾರಿಸುವವರಿಗೆ ಮಾತ್ರ ವಿಮೆಯು ಇಚ್ಛೆಯ ವಿಷಯವಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ ನ್ಯಾನೋ ಡ್ರೋನ್‌ಗಳ ಹೊರತು ಉಳಿದವಕ್ಕೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಹಣಕ್ಕಾಗಿ ಹಾರಿಸುವುದಾದರೆ ನೋಂದಣಿಯೂ ಚಾಲಕನ ಪ್ರಮಾಣಪತ್ರವೂ ಬೇಕು. ಕುದಾಪುರದ ಸುತ್ತ ಈ ಮಾತಿಗೆ ವಿಶೇಷ ತೂಕವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಎರಡನೆಯ ಆವರಣವಿರುವುದು ಇಲ್ಲಿ. 2017ರಲ್ಲಿ ಉದ್ಘಾಟನೆಗೊಂಡ ಡಿ.ಆರ್.ಡಿ.ಓ.ದ ವೈಮಾನಿಕ ಪರೀಕ್ಷಾ ವಲಯವಿರುವುದು ಇದೇ ತಾಲ್ಲೂಕಿನ ವರವು ಕಾವಲಿನಲ್ಲಿ. ಡ್ರೋನ್ ಮೇಲೇರುವ ಮುನ್ನ ಡಿಜಿಟಲ್ ಸ್ಕೈ ನಕಾಶೆಯಲ್ಲಿ ಆ ಸ್ಥಳವು ಹಸಿರು, ಹಳದಿ, ಕೆಂಪು ವಲಯಗಳ ಪೈಕಿ ಯಾವುದರಲ್ಲಿದೆ ಎಂದು ನೋಡದೆ ಹಾರಿಸುವವನು ಕಾನೂನಿನ ಕ್ರಮಕ್ಕೂ ಗುರಿಯಾಗುತ್ತಾನೆ, ವಿಮೆಯ ರಕ್ಷಣೆಯನ್ನೂ ಕಳೆದುಕೊಳ್ಳುವ ಸಂಭವವಿದೆ.

ಉಪಕರಣದ ಚಿಂತೆಯಲ್ಲಿ ಅದನ್ನು ಹಿಡಿದ ಕೈಯನ್ನು ಮರೆಯಬಾರದು. ನಡುರಾತ್ರಿ ಆರತಕ್ಷತೆ ಮುಗಿಸಿ ಬೈಕಿನಲ್ಲಿ ಮರಳುವವನಿಗೆ ದೊಡ್ಡ ಅಪಾಯವಿರುವುದು ರಸ್ತೆಯಲ್ಲಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ. ಕಟ್ಟಿದರೆ ಅಪಘಾತದ ಮರಣಕ್ಕೆ 2 ಲಕ್ಷ ರೂ. ಪರಿಹಾರವಿದೆ. 18ರಿಂದ 70 ವರ್ಷ ವಯಸ್ಸಿನ, ಬ್ಯಾಂಕ್ ಖಾತೆಯುಳ್ಳ ಯಾರಾದರೂ ಸೇರಬಹುದು. ಮೊತ್ತ ದೊಡ್ಡದಲ್ಲ, ಆದರೆ ದೀಪ ಹಿಡಿಯುವ ಹುಡುಗನ ಹೆಸರಿನಲ್ಲಿಯೂ ಅದನ್ನು ಮಾಡಿಸದಿರಲು ಕಾರಣವಿಲ್ಲ.

ಕ್ಲೇಮು ಮತ್ತು ಪರಿಹಾರ ಮಾರ್ಗ

ಕಳವಾದರೆ ತಡಮಾಡದೆ ಪೊಲೀಸ್ ದೂರು, ಕೂಡಲೇ ವಿಮಾ ಕಂಪನಿಗೆ ಬರಹದ ಸೂಚನೆ, ಸರ್ವೇಯರ್ ನೋಡುವವರೆಗೆ ಒಡೆದ ಉಪಕರಣವನ್ನು ದುರಸ್ತಿಗೆ ಕೊಡದಿರುವುದು, ಈ ಮೂರನ್ನು ಪಾಲಿಸಿದವನ ಪಕ್ಷ ಬಲವಾಗಿರುತ್ತದೆ. ಕಂಪನಿ ತಿರಸ್ಕರಿಸಿದರೆ ಅಥವಾ ದೂರಿಗೆ ಒಂದು ತಿಂಗಳು ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಏಕವ್ಯಕ್ತಿ ಒಡೆತನದ ವ್ಯವಹಾರಗಳಿಗೂ ಸೂಕ್ಷ್ಮ ಉದ್ಯಮಗಳಿಗೂ ಈ ಅವಕಾಶ ಉಂಟು. ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ವ್ಯಾಪಾರಕ್ಕಾಗಿ ಮಾಡಿಸಿದ ವಿಮೆಯಾದ್ದರಿಂದ ವಿಮೆದಾರನು ಗ್ರಾಹಕನಲ್ಲ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ 2023ರಲ್ಲಿ ಒಪ್ಪಲಿಲ್ಲ. ವಿಮೆಯು ನಷ್ಟವನ್ನು ತುಂಬಿಕೊಡುವ ಕರಾರೇ ಹೊರತು ಲಾಭ ಗಳಿಸುವ ವ್ಯವಹಾರವಲ್ಲ ಎಂಬ ಈ ನಿಲುವು ಎಲ್ಲ ಸಣ್ಣ ವರ್ತಕರಿಗೂ ಆಸರೆಯಾಗಿದೆ.

ಆಕ್ಷೇಪವೊಂದಕ್ಕೆ ಉತ್ತರ

ವರ್ಷಕ್ಕೆ ಕೆಲವೇ ದಿನ ದುಡಿಯುವ ಕ್ಯಾಮೆರಾಕ್ಕೆ ವರ್ಷಪೂರ್ತಿ ವಿಮೆ ಏಕೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಳೆಯ ಒಂದೇ ಕ್ಯಾಮೆರಾ ಉಳ್ಳವನು, ಅದು ಹೋದರೆ ಉಳಿತಾಯದಿಂದ ಇನ್ನೊಂದನ್ನು ಕೊಳ್ಳಬಲ್ಲವನಾದರೆ, ವಿಮೆಯ ಬದಲು ಅಷ್ಟು ಹಣವನ್ನು ಬ್ಯಾಂಕಿನಲ್ಲಿರಿಸುವುದೇ ಲೇಸು. ಆದರೆ ಸಾಲದಿಂದ ಕೊಂಡವನ ಸ್ಥಿತಿ ಬೇರೆ. ಕ್ಯಾಮೆರಾ ಹೋದರೂ ಕಂತು ಹೋಗದು. ಗಳಿಕೆಯ ಸಾಧನ ಇಲ್ಲದೆಯೂ ಸಾಲ ತೀರಿಸಬೇಕಾದವನೇ ವಿಮೆಯ ನಿಜವಾದ ಅಗತ್ಯವುಳ್ಳವನು. ಅಂತಹವನು ಎಲ್ಲವನ್ನೂ ಅಲ್ಲದಿದ್ದರೂ, ಸಾಲ ಉಳಿದಿರುವ ಉಪಕರಣಗಳನ್ನಾದರೂ ಅವುಗಳ ಪೂರ್ಣ ಮೌಲ್ಯಕ್ಕೆ ವಿಮೆ ಮಾಡಿಸಬೇಕು.

ಈ ವಿಷಯದಲ್ಲಿ ವಾಣಿಜ್ಯ ಸಂಸ್ಥೆಗಳ ಹೊಣೆಯೂ ಇದೆ. ಒಬ್ಬೊಬ್ಬರೇ ಹೋದಾಗ ಕಿವಿಗೊಡದ ವಿಮಾ ಕಂಪನಿಗಳು ಐವತ್ತು ಮಂದಿ ಒಟ್ಟಾಗಿ ಹೋದಾಗ ಮಾತಿಗೆ ಕೂಡುತ್ತವೆ. ವಿಮೆಗಾಗಿಯೇ ಗುಂಪು ಕಟ್ಟಲು ನಿಯಮಗಳು ಅವಕಾಶ ನೀಡವು. ಆದರೆ ಬೇರೆ ಉದ್ದೇಶಕ್ಕಾಗಿ ಈಗಾಗಲೇ ಇರುವ ಸಂಸ್ಥೆ ತನ್ನ ಸದಸ್ಯರ ಪರವಾಗಿ ಮಾತನಾಡಲು ಅಡ್ಡಿಯಿಲ್ಲ. ಅರೆಕಾಲಿಕ ಉದ್ಯೋಗಿಗಳಿಗೂ ಅಲ್ಪ ಶುಲ್ಕದಲ್ಲಿ ಸದಸ್ಯತ್ವ ನೀಡಿ, ಮದುವೆಯ ಕಾಲಕ್ಕೆ ಮುನ್ನ ವಿಮಾ ಕಂಪನಿಗಳ ಅಧಿಕಾರಿಗಳನ್ನು ಕರೆಸಿ, ಷರತ್ತುಗಳನ್ನು ಕನ್ನಡದಲ್ಲಿ ವಿವರಿಸುವ ಏರ್ಪಾಡು ಮಾಡಿದರೆ ಅದೊಂದು ಸಾರ್ಥಕ ಸೇವೆಯಾಗುತ್ತದೆ. ಅದರ ಪ್ರಯೋಜನ ಛಾಯಾಗ್ರಾಹಕರಿಗಷ್ಟೇ ಅಲ್ಲ. ಮಾದರಿ ಸೀರೆಗಳ ಗಂಟು ಹೊತ್ತು ಊರೂರು ತಿರುಗುವ ನೇಕಾರ, ಪಂಪು ದುರಸ್ತಿಯ ಹತಾರಗಳೊಡನೆ ಹೊಲದಿಂದ ಹೊಲಕ್ಕೆ ಹೋಗುವ ಮೆಕ್ಯಾನಿಕ್, ಇವರೆಲ್ಲರ ಆಸ್ತಿಯೂ ಗೋಡೆಗಳ ಹೊರಗೇ ಇದೆ. ಇವರ ಪಾಲಿಗೆ ವಿಮೆಯೂ ಅಂಗಡಿಯ ಬಾಗಿಲು ದಾಟಿ ರಸ್ತೆಗೆ ಇಳಿಯಬೇಕಾಗಿದೆ.