ಮಗ್ಗದ ಸೀಮೆಯಲ್ಲಿ ಮಗ್ಗಿಗೆ ಬರಗಾಲ!

ಕನ್ನಡಿಗ ಬಂಧುಗಳೇ, ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಐದನೇ ಇಯತ್ತೆ ಓದುವ ಮಗು ಇದ್ದರೆ ಹತ್ತಿರ ಕರೆಯಿರಿ. ಗದರಬೇಡಿ, ಕೋಲು ಹಿಡಿಯಬೇಡಿ. ಸುಮ್ಮನೆ ಕೇಳಿ: "ಏಳೆಂಟ್ಲೆ ಎಷ್ಟು?"

ಥಟ್ಟನೆ "ಐವತ್ತಾರು" ಎಂದರೆ ನೀವು ಪುಣ್ಯವಂತರು, ಮುಂದೆ ಓದುವ ಅಗತ್ಯವೇ ಇಲ್ಲ. ಆದರೆ ಮರೋಳದಿಂದ ಇಳಕಲ್ಲಿನವರೆಗೆ ನಾನು ಕೇಳಿದ ಕಡೆಯಲ್ಲೆಲ್ಲ ಹೆಚ್ಚಾಗಿ ಕಂಡದ್ದು ಎರಡೇ ನಮೂನೆ. ಟೈ-ಬೂಟಿನ ಮಗು "ಸೆವೆನ್ ವನ್ಸ್ ಆರ್ ಸೆವೆನ್" ಎಂದು ಬುಡದಿಂದ ಶುರು ಮಾಡುತ್ತದೆ. ಸರಕಾರಿ ಶಾಲೆಯ ಮಗು "ಏಳೊಂದ್ಲೆ ಏಳು" ಎಂದು ಅದೂ ಬುಡದಿಂದಲೇ ಶುರು ಮಾಡುತ್ತದೆ. ನಡುವೆ ತಡೆದರೆ ಇಬ್ಬರ ಬಂಡಿಯೂ ಹಳಿ ತಪ್ಪುತ್ತದೆ. ಇದು ಮಗ್ಗಿ ಬಂದ ಲಕ್ಷಣವಲ್ಲ ಸ್ವಾಮಿ, ಹಾಡು ಬಂದ ಲಕ್ಷಣ!

ನಾನು ಪ್ರೆಸ್ಸು ನಡೆಸುವವ. ಪಿಯುಸಿಗೆ ಓದು ನಿಲ್ಲಿಸಿದವ. ಪಂಡಿತನಲ್ಲ. ಆದರೆ ಅಚ್ಚಿನ ಮನೆಯಲ್ಲಿ ಮಗ್ಗಿ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. 32 ಪುಟದ ಪುಸ್ತಕ, ಎರಡೂ ಮಗ್ಗುಲು ಸೇರಿ ಒಂದು ಹಾಳೆಗೆ 16 ಪುಟ, ಸಾವಿರ ಪ್ರತಿ ಬೇಕು. 500 ಹಾಳೆಯ ರೀಮು ಎಷ್ಟು ತರಬೇಕು? ನಾಲ್ಕು. ಗಿರಾಕಿ ಎದುರಿಗೆ ನಿಂತಿರುವಾಗ ಇದನ್ನು ಬಾಯಲ್ಲೇ ಹೇಳಬೇಕು. ಕೆಲಸ ಕೇಳಿಕೊಂಡು ಬಂದ ಹುಡುಗನೊಬ್ಬನಿಗೆ "ಎಂಟಾರ್ಲೆ ಎಷ್ಟೋ ತಮ್ಮಾ?" ಎಂದೆ. "ತಡೀರಿ ಕಾಕಾ" ಎಂದು ಕಿಸೆಯಿಂದ ಮೊಬೈಲ್ ತೆಗೆದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಅವನು ಹತ್ತು ವರ್ಷ ಶಾಲೆಗೆ ಹೋಗಿದ್ದಾನೆ. ಕೇಳಬೇಕಾದದ್ದು ಅವನನ್ನಲ್ಲ.

ಈಗ ಇಂಗ್ಲಿಷ್ ಮಾಧ್ಯಮದ ಪಾಲಕರಿಗೆ ಒಂದು ಮಾತು. ನಿಮ್ಮ ಮಗುವನ್ನು ಸಂತೆಗೆ ಕರೆದುಕೊಂಡು ಹೋಗಿ. ಉಳ್ಳಾಗಡ್ಡಿ ಮಾರುವ ಅವ್ವ "ಕಿಲೋಕ್ಕ ಮೂವತ್ತೈದು" ಎನ್ನುತ್ತಾಳೆ. ಮಗು ನಿಮ್ಮ ಮುಖ ನೋಡಿ "ಮೂವತ್ತೈದು ಅಂದ್ರ ಎಷ್ಟು?" ಎನ್ನುತ್ತದೆ. ನೀವು "ತರ್ಟಿ ಫೈವ್" ಎಂದು ಅರ್ಥ ಹೇಳುತ್ತೀರಿ, ಹೇಳುವಾಗ ಎದೆ ಬೇರೆ ಉಬ್ಬುತ್ತದೆ! ನಾಚಿಕೆಯಾಗಬೇಕಾದಲ್ಲಿ ಹೆಮ್ಮೆ ಪಡುವ ಜಾತಿ ನಮ್ಮದೊಂದೇ ಇರಬೇಕು.

ಮಗ್ಗಿ ಇತಿಹಾಸ, ಭೂಗೋಳದ ಹಾಗಲ್ಲ. ಯಾವ ಭಾಷೆಯಲ್ಲಿ ಬಾಯಿಗೆ ಹತ್ತಿತೋ ಸಾಯುವವರೆಗೆ ಆ ಭಾಷೆಯಲ್ಲೇ ಲೆಕ್ಕ ಓಡುತ್ತದೆ. ಗಡಿ ಕಡೆ ಮರಾಠಿ ಶಾಲೆ ಕಲಿತ ಹಿರಿಯರನ್ನು ನೋಡಿ, ವ್ಯಾಪಾರವೆಲ್ಲ ಕನ್ನಡದಲ್ಲಿ ಆಡುತ್ತಾರೆ, ಲೆಕ್ಕಕ್ಕೆ ಬಂದರೆ "ಬೇ ದುಣೆ ಚಾರ್". ನಮ್ಮ ಹುನಗುಂದ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿದ್ದ ಕಾಲಕ್ಕೆ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ಪುಣ್ಯಾತ್ಮರು ಹಟ ಹಿಡಿದು ಕನ್ನಡ ಶಾಲೆ ತೆರೆಸಿದ್ದರಿಂದ ನಮ್ಮ ಮುತ್ತಜ್ಜಂದಿರು "ಎರಡೊಂದ್ಲೆ ಎರಡು" ಎಂದರು. ಅಂದು ಪರರು ಹೇರಿದ್ದನ್ನು ಕಿತ್ತು ಹಾಕಿದೆವು. ಇಂದು ನಾವೇ ಫೀ ಕಟ್ಟಿ ಹೇರಿಸಿಕೊಳ್ಳುತ್ತಿದ್ದೇವೆ.

ಕನ್ನಡದಲ್ಲಿ ಗಣಿತವೆಲ್ಲಿದೆ ಎಂದು ಮೂಗು ಮುರಿಯುವವರು ಕೇಳಲಿ. 12ನೇ ಶತಮಾನದಲ್ಲಿಯೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ. ಅದಿರಲಿ, ನಮ್ಮ ಎಣಿಕೆಯನ್ನೇ ನೋಡಿ. ಇಪ್ಪತ್ತಮೂರು: ಮೊದಲು ಇಪ್ಪತ್ತು, ಆಮೇಲೆ ಮೂರು. ಬರೆಯುವುದೂ ಹಾಗೆಯೇ, 2 ಮೊದಲು, 3 ಆಮೇಲೆ. ಹದಿಮೂರು: ಹತ್ತು ಮೊದಲು, ಮೂರು ಆಮೇಲೆ. ಇಂಗ್ಲಿಷಿನ 'ತರ್ಟೀನ್'ನಲ್ಲಿ ಮೂರು ಮುಂದೆ ಬಂದು ಕೂತಿದೆ, ಬರೆಯುವಾಗ ಮಾತ್ರ 1 ಮುಂದೆ. ತರ್ಟೀನ್ ಯಾವುದು, ತರ್ಟಿ ಯಾವುದು ಎಂದು ಕಿವಿಗೆ ತಿಳಿಯದೆ ಮಕ್ಕಳು ಒದ್ದಾಡುತ್ತಾರೆ. ಹಿಂದಿಯಲ್ಲಂತೂ ನೂರರವರೆಗೆ ಹೆಚ್ಚುಕಡಿಮೆ ಒಂದೊಂದು ಸಂಖ್ಯೆಯ ಹೆಸರನ್ನೂ ಬೇರೆಯಾಗಿಯೇ ಬಾಯಿಪಾಠ ಮಾಡಬೇಕು. ಭಾಷಾ ಪಂಡಿತರು 'ಒಂಬತ್ತು' ಎಂದರೆ ಒಂದು ಕಡಿಮೆ ಹತ್ತು ಎನ್ನುತ್ತಾರೆ. ಒಂಬತ್ತರ ಮಗ್ಗಿಯ ಗುಟ್ಟು ಆ ಹೆಸರಿನಲ್ಲೇ ಇದೆ: ಒಂಬತ್ತೇಳ್ಲೆ ಎಷ್ಟು? ಎಪ್ಪತ್ತರಲ್ಲಿ ಏಳು ಕಳೆ, ಅರವತ್ತಮೂರು. ಇಷ್ಟು ಹಸನಾದ ಎಣಿಕೆ ಮನೆಯಲ್ಲಿಟ್ಟುಕೊಂಡು ಪರರ ಬಾಗಿಲಲ್ಲಿ ನಿಂತಿದ್ದೇವೆ.

1 ರಿಂದ 4ನೇ ಇಯತ್ತೆವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು 1994ರಲ್ಲಿ ಸರಕಾರ ಆದೇಶ ಹೊರಡಿಸಿತ್ತು. 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮ ಆರಿಸುವ ಹಕ್ಕು ಪಾಲಕರದು ಎಂದಿತು. ಆಗಲಿ, ಹಕ್ಕು ನಿಮ್ಮದು. ಆದರೆ ಮನೆಯೊಳಗೆ ದೀಪ ಹಚ್ಚುವ ಹೊತ್ತಿಗೆ ಮಗುವಿನ ಬಾಯಲ್ಲಿ ಕನ್ನಡ ಮಗ್ಗಿ ಹೇಳಿಸಬೇಡಿ ಎಂದು ಯಾವ ಕೋರ್ಟು ಹೇಳಿದೆ?

ಇನ್ನು ನಮ್ಮವರ ತಪ್ಪು. ಕನ್ನಡ ಶಾಲೆ ಎಂದ ಕೂಡಲೇ ಕೈಮುಗಿದು ಕೂಡುವವನು ನಾನಲ್ಲ. ಗುಂಪಿನಲ್ಲಿ ಕೂಗಿಸಿ ಮುಗಿಸುವ ಮಗ್ಗಿ ಮಗ್ಗಿಯಲ್ಲ. ಅಲ್ಲಿ ಹತ್ತು ಮಕ್ಕಳು ಹೇಳುತ್ತಾರೆ, ಮೂವತ್ತು ಮಕ್ಕಳು ತುಟಿ ಆಡಿಸುತ್ತಾರೆ. ಹಿಂದೆ ಗಾಂವಟಿ ಶಾಲೆಯಲ್ಲಿ ತಪ್ಪಿದರೆ ಬೆರಳ ಗಂಟಿಗೆ ಪೆಟ್ಟು. ಹೆದರಿಕೆಗೆ ಬಂದದ್ದೂ ಮರೆಯುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿತು, ಒಳ್ಳೆಯದಾಯಿತು. ಆದರೆ ಕೋಲಿನ ಜೊತೆಗೆ ಕೇಳುವುದನ್ನೂ ಬಿಟ್ಟರೆ ಹೇಗೆ? ಐದನೇ ಇಯತ್ತೆಗೆ ಬೋರ್ಡ್ ಮಾದರಿ ಪರೀಕ್ಷೆ ಬೇಕೋ ಬೇಡವೋ ಎಂದು 2023, 2024ರಲ್ಲಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಓಡಾಡಿದರು. ಆ ಗದ್ದಲದಲ್ಲಿ ಮಗುವಿಗೆ ಏಳೆಂಟ್ಲೆ ಬರುತ್ತದೆಯೇ ಎಂದು ಕೇಳಿದವರಾರು? 2022ರ 'ಅಸರ್' ವರದಿ ಪ್ರಕಾರ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಬರುವವರು ನಾಲ್ವರಲ್ಲಿ ಒಬ್ಬರು. ಮಗ್ಗಿ ಇಲ್ಲದೆ ಭಾಗಾಕಾರ ಎಲ್ಲಿಂದ ಬರಬೇಕು?

ಇಂಗ್ಲಿಷ್ ಇಂಗ್ಲಿಷ್ ಎಂದು ಜಪಿಸುವವರು ಇಂಗ್ಲೆಂಡಿನತ್ತ ನೋಡಲಿ. ಅಲ್ಲಿ 2022ರಿಂದ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಮಗ್ಗಿ ಪರೀಕ್ಷೆ ಕಡ್ಡಾಯ. 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡು. ಪಾಸು-ನಪಾಸು ಇಲ್ಲ, ಯಾವ ಮಗುವಿಗೆ ಎಲ್ಲಿ ಕೈಹಿಡಿಯಬೇಕು ಎಂದು ತಿಳಿಯಲಷ್ಟೇ. ಅವರು ತಮ್ಮ ಮಕ್ಕಳನ್ನು ತಮ್ಮ ಭಾಷೆಯಲ್ಲೇ ಕೇಳುತ್ತಾರೆ.

ಕಲಿಸುವುದು ಬೆಟ್ಟ ಹೊರುವ ಕೆಲಸವೇನಲ್ಲ. ಎರಡರಿಂದ ಒಂಬತ್ತರವರೆಗೆ, ಮೂರ್ನಾಲ್ಕ್ಲೆಯೂ ನಾಲ್ಕ್ಮೂರ್ಲೆಯೂ ಒಂದೇ ಎಂದು ತಿಳಿದರೆ, ನೆನಪಿಡಬೇಕಾದದ್ದು 36 ಮಾತ್ರ. ಎರಡು, ಐದರ ಮಗ್ಗಿ ಮಕ್ಕಳಿಗೆ ತಾನಾಗಿಯೇ ಬರುತ್ತದೆ, ಉಳಿದದ್ದು 21. ಒಂಬತ್ತರದ್ದಕ್ಕೆ ಉಪಾಯ ಮೇಲೆ ಹೇಳಿದೆ. ಉಳಿದದ್ದು ಬರೀ 15! ದಿನಕ್ಕೊಂದು ಹಿಡಿದರೆ ಹದಿನೈದು ದಿನ. ಆದರೆ ಸಾಲಾಗಿ ಕೇಳಬೇಡಿ, ಅಡ್ಡಾದಿಡ್ಡಿ ಕೇಳಿ. ತಿರುಗಿಸಿ ಕೇಳಿ: "ನಲವತ್ತೆರಡು ಎಷ್ಟೇಳ್ಲೆ?" ತಪ್ಪಿದರೆ ನಕ್ಕು, ಪಕ್ಕದ ಗೊತ್ತಿರುವುದರಿಂದ ದಾರಿ ತೋರಿಸಿ: ಏಳೇಳ್ಲೆ ನಲವತ್ತೊಂಬತ್ತು ಗೊತ್ತಲ್ಲ, ಇನ್ನೊಂದು ಏಳು ಕೂಡಿಸು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಬಲ್ಲ ಅಜ್ಜಂದಿರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ಕ್ವಿಂಟಲಿಗೆ 5,600ರಂತೆ ಮೂರೂಮುಕ್ಕಾಲು ಕ್ವಿಂಟಲ್ ಕಡಲೆಗೆ ಎಷ್ಟು ಎಂದರೆ, ನಾಲ್ಕಕ್ಕೆ 22,400, ಅದರಲ್ಲಿ ಕಾಲಿನದು 1,400 ಕಳೆದು 21,000 ಎಂದು ಅವರು ಹೇಳುವಷ್ಟರಲ್ಲಿ ನಿಮ್ಮ ಮೊಬೈಲ್ ಬೀಗವೂ ತೆರೆದಿರುವುದಿಲ್ಲ. ಅವರ ಹತ್ತಿರ ಮಕ್ಕಳನ್ನು ಕೂಡಿಸಿ.

ಇದು ಅಂಕದ ಮಾತಲ್ಲ ಬಂಧುಗಳೇ, ಅನ್ನದ ಮಾತು. 30,000 ಸಾಲಕ್ಕೆ ವಾರಕ್ಕೆ 720ರಂತೆ 50 ವಾರ ಎಂದು ಸಂಘದ ಸಾಲದವನು ಹೇಳುತ್ತಾನೆ. ಐವತ್ತಲೆ ಎಂದರೆ ನೂರಲೆಯ ಅರ್ಧ, 36,000 ಆಯಿತು ಎಂದು ನಮ್ಮ ಅಕ್ಕತಂಗಿಯರಿಗೆ ಅಲ್ಲೇ ಹೊಳೆಯಬೇಡವೇ? ರಾಮಥಾಳ-ಮರೋಳ ಹನಿ ನೀರಾವರಿ 24,000 ಹೆಕ್ಟೇರ್ ಎಂದು ಸರಕಾರ ಬೋರ್ಡು ಬರೆದರೆ, ಎರಡೂವರೆಲೆ ಸುಮಾರು 60,000 ಎಕರೆ, ಅದರಲ್ಲಿ ನಮ್ಮ ಹೊಲಕ್ಕೆ ನೀರು ಬಂತೇ ಎಂದು ಕೇಳುವ ಬಾಯಿ ಬೇಡವೇ? ಇಳಕಲ್ಲಿನ ನೇಕಾರ ಎಳೆ ಎಣಿಸದೆ ಸೀರೆ ನೆಯ್ದಾನೆಯೇ?

ನವೆಂಬರ್ 1ಕ್ಕೆ ಆರ್ಕೆಸ್ಟ್ರಾ ಕರೆಸುವ ಸಂಘದವರೇ, ಈ ಸಲ ಒಂದು ತಾಸು ಮಗ್ಗಿಗೆ ಬಿಡಿ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನಮ್ಮ ನಾಡಿಗೆ ಹೊಸದಲ್ಲ, ಅಕ್ಷರ ಫೌಂಡೇಶನ್ನಿನವರು ಮಾಡಿ ತೋರಿಸಿದ್ದಾರೆ. ಕನ್ನಡ ಶಾಲೆ, ಕಾನ್ವೆಂಟು ಎಂದು ಭೇದ ಮಾಡದೆ ಮಕ್ಕಳನ್ನೆಲ್ಲ ಕರೆಯಿರಿ, ಪ್ರಶ್ನೆ ಮಾತ್ರ ಕನ್ನಡದಲ್ಲಿರಲಿ. ಗೆದ್ದವರಿಗೆ ಪುಸ್ತಕ ಕೊಡಿ, ಸೋತವರಿಗೆ ಆ 15 ಗುಣಾಕಾರ ಅಚ್ಚು ಮಾಡಿದ ಕಾರ್ಡು ಕೊಡಿ. ಕಾಗದದ ಖರ್ಚು ನಿಮ್ಮದು, ಅಚ್ಚಿನ ಕೂಲಿ ನನಗೆ ಬೇಡ. ದಸರೆಯೊಳಗೆ ಹೇಳಿದರೆ ಸಾಕು, ದೀಪಾವಳಿಗೆ ಲಗ್ನಪತ್ರಿಕೆಗಳ ಗದ್ದಲ ಶುರುವಾಗುತ್ತದೆ.