ಯಜಮಾನರು ಇದ್ದಾರಾ?

1994ರಲ್ಲಿ ಪದ್ಮನಾಭನಗರದ ನಮ್ಮ ಮನೆಯ ಕಲರ್ ಟಿವಿಯಲ್ಲಿ ವಾರ್ತೆ ಓದುವವರ ಕೆನ್ನೆ ಒಂದು ಸಂಜೆ ಹಸಿರಾಯಿತು. ರಿಪೇರಿಯವನು ಬಂದ. ಹಿಂದಿನ ಮುಚ್ಚಳ ಕೂಡ ಬಿಚ್ಚದೆ, "ಪಿಕ್ಚರ್ ಟ್ಯೂಬ್ ಹೋಗಿದೆ, ಬದಲಾಯಿಸಬೇಕು" ಎಂದ. ಅವನು ಹೇಳಿದ ದುಡ್ಡಿಗೆ ನನ್ನ ಬಳೆ ಅಡವಿಡಬೇಕಿತ್ತು. "ಯಾಕೆ ಹೋಯಿತಪ್ಪಾ?" ಅಂದೆ.

"ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡೀಮ್ಮಾ. ಯಜಮಾನರು ಇದ್ದಾರಾ?"

ಆ ಮಾತಿನೊಂದಿಗೆ ನನ್ನ ಜಗಳ ಇವತ್ತಿಗೂ ಮುಗಿದಿಲ್ಲ.

ಗೊತ್ತಾಗದಿರಲು ಅದರಲ್ಲಿ ಏನಿತ್ತು, ನೀವೇ ಹೇಳಿ. ಪಕ್ಕದ ಬೀದಿಯಲ್ಲಿ ಬಿಇಎಲ್‌ನಿಂದ ನಿವೃತ್ತರಾದ ಅಕ್ಕ ಒಬ್ಬರಿದ್ದರು. ಜಾಲಹಳ್ಳಿಯ ಆ ಕಾರ್ಖಾನೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನು ಮಾಡುತ್ತಿತ್ತು. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಅವರು ಕಲರ್ ಟ್ಯೂಬಿನ ಗುಟ್ಟನ್ನೆಲ್ಲ ಬಿಡಿಸಿಟ್ಟರು. ಟ್ಯೂಬಿನ ಕತ್ತಿನಿಂದ ಮೂರು ಎಲೆಕ್ಟ್ರಾನ್ ಕಿರಣಗಳು ಹೊರಡುತ್ತವೆ. ಮುಂದಿನ ಗಾಜಿನ ಒಳಮೈ ತುಂಬ ಕೆಂಪು, ಹಸಿರು, ನೀಲಿಯಾಗಿ ಹೊಳೆಯುವ ಚುಕ್ಕೆಗಳು. ನಡುವೆ ಜರಡಿಯಂಥ ತೆಳು ಲೋಹದ ಹಾಳೆ. ಪ್ರತಿ ಕಿರಣವೂ ಜರಡಿಯ ಕಣ್ಣಿನಲ್ಲಿ ತೂರಿ ತನ್ನ ಬಣ್ಣದ ಚುಕ್ಕೆಗೇ ಬೀಳಬೇಕು. ರಂಗೋಲಿಯಲ್ಲಿ ಚುಕ್ಕೆ ಲೆಕ್ಕ ತಪ್ಪಿದರೆ ಕ್ಷಣದಲ್ಲಿ ಹಿಡಿಯುವ ನಮಗೆ ಇದು ತಿಳಿಯದೆ?

ಚಿತ್ರ ಮಸುಕಾದರೆ ಫೋಕಸ್ ತಪ್ಪಿದೆ. ಅಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು ಬಿದ್ದರೆ ಕಿರಣಗಳು ಒಂದೆಡೆ ಕೂಡುತ್ತಿಲ್ಲ. ಒಂದು ಕಡೆ ಬಣ್ಣದ ಕಲೆ ನಿಂತರೆ ಕಿರಣ ಪಕ್ಕದ ಚುಕ್ಕೆಗೆ ಬೀಳುತ್ತಿದೆ. ಹತ್ತಿರದಲ್ಲಿ ಅಯಸ್ಕಾಂತವಿದೆಯೇ ನೋಡಬೇಕು. ನಮ್ಮಲ್ಲಿತ್ತು! ಮಗ ದೊಡ್ಡ ಸ್ಪೀಕರನ್ನು ತಂದು ಟಿವಿಗೆ ಒತ್ತಿಯೇ ಇಟ್ಟಿದ್ದ.

ಸ್ಪೀಕರ್ ದೂರ ಸರಿಸಿದೆ. ಟಿವಿ ಆರಿಸಿ, ಅರ್ಧ ಗಂಟೆ ಬಿಟ್ಟು ಹಾಕಿದೆ. ಹಾಕಿದೊಡನೆ 'ಗುಂಯ್' ಎಂದಿತು. ಜರಡಿಗೆ ಅಂಟಿದ ಕಾಂತತೆಯನ್ನು ಒಳಗಿನ ತಂತಿಸುರುಳಿ ಅಳಿಸುವ ಸದ್ದಂತೆ ಅದು. ಮೂರು ಸಲ ಹೀಗೆ ಮಾಡುವುದರೊಳಗೆ ಕೆನ್ನೆ ತಿಳಿಯಾಯಿತು. ಬಳೆ ಕೈಯಲ್ಲೇ ಉಳಿಯಿತು.

ಕಸುಬನ್ನು ನಾನು ಹಳಿಯುತ್ತಿಲ್ಲ. ಟ್ಯೂಬಿನ ಕತ್ತಿನ ಅಯಸ್ಕಾಂತದ ಉಂಗುರಗಳನ್ನು ಕೂದಲೆಳೆಯಷ್ಟು ತಿರುಗಿಸಿ ಕಿರಣಗಳನ್ನು ಕೂಡಿಸುವುದು ನುರಿತ ಕೈಯ ಕೆಲಸ. ಒಳಗಿನ ವಿದ್ಯುತ್ತು ಸುಮಾರು 25,000 ವೋಲ್ಟ್. ಆರಿಸಿದ ಮೇಲೂ ಟ್ಯೂಬಿನಲ್ಲಿ ಉಳಿದಿರುತ್ತಿತ್ತು. "ಕೈ ಹಾಕಬೇಡಿ" ಅಂದಿದ್ದರೆ ತಲೆಬಾಗುತ್ತಿದ್ದೆ. "ಕೇಳಬೇಡಿ" ಅನ್ನಲು ಅವನು ಯಾರು?

ಆ ಟಿವಿಗಳ ಕಾಲ ಮುಗಿಯಿತು. ಪ್ರಶ್ನೆ ಮಾತ್ರ ಈಗ ವಾಷಿಂಗ್ ಮೆಷಿನ್ನಿನ, ಇನ್ವರ್ಟರಿನ ಬೆನ್ನಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನಾವೂ ಸುಮ್ಮನೆ ಒಳಗೆ ತಿರುಗಿ, "ರೀ, ಸ್ವಲ್ಪ ಬನ್ನಿ" ಎನ್ನುತ್ತೇವೆ. ಇನ್ನು ಸಾಕು. ಮುಂದಿನ ಸಲ "ಯಜಮಾನರು ಇದ್ದಾರಾ?" ಅಂದರೆ, "ನಾನಿದ್ದೀನಲ್ಲಪ್ಪಾ, ಏನಾಗಿದೆ ಅಂತ ನನಗೇ ಹೇಳು" ಅನ್ನಿ.